ಸೈಕಲ್ ಮೇಲೆ ದೇವರಾಯನದುರ್ಗದ ಕಾಡು

ತುಮಕೂರು ಪೇಟೆಯಿಂದ ಸುಮಾರು ಹದಿನೈದು ಕಿಲೋಮೀಟರ್ ದೂರದಲ್ಲಿ ಒಂದು ಕಾಡಿದೆ, ಆ ಕಾಡಿನ ನಡುವೆ ಒಳ್ಳೆಯ ಡಾಂಬರು ರಸ್ತೆಯಿದೆ, ರಸ್ತೆಯ ಕೊನೆಯಲ್ಲಿ ಸಮುದ್ರಮಟ್ಟದಿಂದ ಹತ್ತಿರಹತ್ತಿರ 1,200 ಮೀಟರ್ ಎತ್ತರದ ಬೆಟ್ಟವಿದೆ. ಸೈಕಲ್ ತುಳಿಯುವವರಿಗೆ ಇದಕ್ಕಿಂತ ಇನ್ನೇನು ಬೇಕು? ನಂದಿಬೆಟ್ಟಕ್ಕೆ ಹೋಗುವ ಸೈಕಲ್ ಸವಾರರ ಸಾಲು ನೋಡಿದಾಗಲೆಲ್ಲ ನಮ್ಮ ದೇವರಾಯನದುರ್ಗದ ಕಡೆಗೆ ಯಾಕೆ ಇಷ್ಟು ಜನ ತಿರುಗುವುದಿಲ್ಲ ಅನ್ನಿಸುತ್ತದೆ. ಹೊಸದಾಗಿ ಹೊರಡುವವರಿಗೆ ಅನುಕೂಲವಾಗಲಿ ಎಂದು ಮೊದಲಿಂದ ಕೊನೆಯವರೆಗೆ ಬರೆದಿದ್ದೇನೆ. ಬರೆಯುವಾಗ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ: ಸೈಕಲ್ ಎಲ್ಲೆಲ್ಲಿ ನುಗ್ಗಬಲ್ಲದೋ ಅಲ್ಲೆಲ್ಲ ನುಗ್ಗಿಸುವ ಹಕ್ಕು ನಮಗಿಲ್ಲ. ಈ ಕಾಡಿನಲ್ಲಿ ಡಾಂಬರು ರಸ್ತೆ ಮತ್ತು ಕಾಡಂಚಿನ ಬಂಡಿದಾರಿಗಳೇ ಬೇಕಾದಷ್ಟಿವೆ, ಅವುಗಳಲ್ಲೇ ಮನಸ್ಸು ತುಂಬುತ್ತದೆ.

ಮೊದಲು ದಾರಿಗಳ ಲೆಕ್ಕ

ಹೊರಡುವ ಮುನ್ನ ಮೂರು ಬಗೆಯ ದಾರಿಗಳನ್ನು ಬೇರೆಬೇರೆಯಾಗಿ ನೋಡಲು ಕಲಿಯಿರಿ.

ತುಮಕೂರಿನಿಂದ ಬೆಳಗುಂಬ, ನಾಮದ ಚಿಲುಮೆ ಎಂಬ ಬುಗ್ಗೆಯ ಜಾಗದ ಮೇಲೆ ಬೆಟ್ಟಕ್ಕೆ ಹೋಗುವ ಡಾಂಬರು ರಸ್ತೆ ಎಲ್ಲರದು. ಬಸ್ಸು, ಕಾರು, ಬೈಕು, ಸೈಕಲ್ ಎಲ್ಲವೂ ಓಡಾಡುತ್ತವೆ. ಇಲ್ಲಿ ಯಾರನ್ನೂ ಕೇಳಬೇಕಿಲ್ಲ.

ಎರಡನೆಯದು ಕಾಡಂಚಿನ ಹಳ್ಳಿಗಳನ್ನು ಒಂದಕ್ಕೊಂದು ಸೇರಿಸುವ ಮಣ್ಣುದಾರಿ. ಒಂದು ಬದಿಗೆ ರಾಗಿ ಹೊಲ, ಮಾವಿನ ತೋಪು, ತೆಂಗಿನ ತೋಟ. ಇನ್ನೊಂದು ಬದಿಗೆ ಕುರುಚಲು ಕಾಡು. ಹಳ್ಳಿಯವರ ಟ್ರ್ಯಾಕ್ಟರು, ಎತ್ತಿನಗಾಡಿ ಓಡಾಡುವ ದಾರಿಯಿದು. ದಾರಿ ತೋಟದೊಳಗೆ ನುಗ್ಗಿದರೆ ಮಾತ್ರ ಇಳಿದು ಕೇಳಿ. "ಅಣ್ಣ, ಈ ದಾರೀಲಿ ಹೋದ್ರೆ ಚಿಲುಮೆ ರಸ್ತೆ ಸಿಗ್ತದಾ?" ಅಂದರೆ ಸಾಕು, ದಾರಿಯ ಜೊತೆಗೆ ಮುಂದಿನ ಹಳ್ಳದಲ್ಲಿ ನೀರಿದೆಯೋ ಇಲ್ಲವೋ, ಯಾವ ಮನೆಯ ನಾಯಿ ಅಟ್ಟಿಸಿಕೊಂಡು ಬರುತ್ತದೆ ಎಂಬುದನ್ನೂ ಹೇಳಿಕಳಿಸುತ್ತಾರೆ.

ಮೂರನೆಯದೇ ಎಲ್ಲರ ಕಣ್ಣು ಸೆಳೆಯುವುದು. ಕಾಡಿನೊಳಗೆ ನೇರವಾಗಿ, ಸ್ವಚ್ಛವಾಗಿ ಹೋಗುವ ಅಗಲವಾದ ದಾರಿ. ಗಿಡಗಂಟಿ ಸವರಿ, ನೆಲ ಹೆರೆದು ಮಾಡಿದ್ದು. ಮೌಂಟೇನ್ ಬೈಕ್ ಇರುವವರಿಗೆ ತಮಗಾಗಿಯೇ ಮಾಡಿಟ್ಟಂತೆ ಕಾಣುತ್ತದೆ. ಅದು ಬೆಂಕಿ ರೇಖೆ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಬಾರದೆಂದು ಅರಣ್ಯ ಇಲಾಖೆ ಮಾಡುವ ಅಡ್ಡಪಟ್ಟಿ. ಅದೂ, ದನ ಕುರಿ ತುಳಿದು ಆದ ಒಳಗಿನ ಕಾಲುದಾರಿಗಳೂ ರಾಜ್ಯ ಅರಣ್ಯದ ಜಾಗ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ; ಸೈಕಲ್‌ಗೆ ರಿಯಾಯಿತಿಯೇನಿಲ್ಲ. ಒಳಗೆ ಹೋಗಲೇಬೇಕೆಂಬ ಆಸೆಯಿದ್ದರೆ ತುಮಕೂರಿನ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಮುಂಚಿತವಾಗಿ ಹೋಗಿ. ಎಷ್ಟು ಜನ, ಯಾವ ದಿನ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಬರೆದು ಕೇಳಿ. ಕೊಟ್ಟರೆ ಅವರು ಹೇಳಿದ ದಾರಿಯಲ್ಲಿ ಅವರ ಸಿಬ್ಬಂದಿಯ ಜೊತೆಗೆ ಹೋಗಿ; ಕೊಡದಿದ್ದರೆ ಅಲ್ಲಿಗೆ ಬಿಡಿ.

ಒಂದು ಸೈಕಲ್ ಹೋದರೆ ಕಾಡಿಗೇನಾಗುತ್ತದೆ ಎಂದು ಕೇಳುವವರಿದ್ದಾರೆ. ಪ್ರಾಮಾಣಿಕ ಪ್ರಶ್ನೆಯೇ, ಅದಕ್ಕೆ ಉತ್ತರವೂ ಇದೆ. ಈ ಬೆಟ್ಟಗಳ ಮೈ ಕಲ್ಲು. ಬಂಡೆಯ ಮೇಲೆ ತೆಳ್ಳಗೆ ಮಣ್ಣಿನ ಪದರ, ಅದನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಜಾರಿದ ಟೈರು ಹುಲ್ಲನ್ನು ಕಿತ್ತು ಒಂದು ಗೆರೆ ಎಳೆಯುತ್ತದೆ. ಹಿಂದಿನವನು ಅದೇ ಗೆರೆಯಲ್ಲಿ ಬರುತ್ತಾನೆ, ಮುಂದಿನ ವಾರ ಇನ್ನೊಂದು ಗುಂಪು ಬರುತ್ತದೆ. ಮಳೆ ಬಂದಾಗ ನೀರು ಆ ಗೆರೆಯನ್ನೇ ಹಿಡಿದು ಓಡುತ್ತದೆ. ಎರಡು ಮಳೆಗಾಲ ಕಳೆದರೆ ಅದು ಕೊರಕಲು. ನೀರು ಇಂಗುವ ಬದಲು ಮಣ್ಣನ್ನೂ ಎಳೆದುಕೊಂಡು ಹರಿದುಹೋಗುತ್ತದೆ. ಈ ಬೆಟ್ಟದಲ್ಲಿ ಹಾಗಾಗುವುದು ಸಣ್ಣ ವಿಷಯವಲ್ಲ. ಶಿಂಷಾ ನದಿ ಹುಟ್ಟುವುದು ಇಲ್ಲಿ. ಅದು ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತದೆ. ಜಯಮಂಗಲಿ ಹುಟ್ಟುವುದೂ ಇಲ್ಲೇ. ಅದು ಉತ್ತರಕ್ಕೆ ಕೊರಟಗೆರೆ, ಮಧುಗಿರಿ ಸೀಮೆಯ ಕಡೆ ಹರಿದು ಉತ್ತರ ಪಿನಾಕಿನಿ ಸೇರುತ್ತದೆ. ಒಂದೇ ಬೆಟ್ಟಸಾಲಿನ ಮೇಲೆ ಬಿದ್ದ ಮಳೆ ಎರಡು ದೊಡ್ಡ ನದಿಗಳಿಗೆ ಹಂಚಿಹೋಗುತ್ತದೆ. ಬಯಲುಸೀಮೆಯ ನಮಗೆ ಅಂಥ ಜಾಗದ ಒಂದೊಂದು ಹಿಡಿ ಮಣ್ಣೂ ಬೇಕು.

ಯಾವ ತಿಂಗಳು, ಯಾವ ಹೊತ್ತು

ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಅತ್ಯುತ್ತಮ. ಜೋರು ಮಳೆ ಕಳೆದು ಕಾಡು ಇನ್ನೂ ಹಸಿರಾಗಿರುತ್ತದೆ, ಬಿಸಿಲು ಚುಚ್ಚುವುದಿಲ್ಲ. ಜೂನ್–ಜುಲೈನಲ್ಲೂ ಹೋಗಬಹುದು, ಮೊದಲ ಮಳೆಗೆ ಚಿಗುರಿದ ಕಾಡಿನ ಚೆಲುವೇ ಬೇರೆ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ನಮ್ಮ ಕಡೆ ಜೋರು ಮಳೆಯ ತಿಂಗಳುಗಳು, ಆಗ ಮಣ್ಣುದಾರಿಗೆ ಇಳಿಯಬೇಡಿ. ಮಳೆ ಬಂದ ಮಾರನೆಯ ದಿನವೂ ಬೇಡ, ಒಂದೆರಡು ದಿನ ಒಣಗಲು ಬಿಡಿ. ಹಸಿ ಮಣ್ಣು ಟೈರಿಗೆ ಮೆತ್ತಿಕೊಂಡು ಬ್ರೇಕಿನ ನಡುವೆ ಸೇರಿ ಚಕ್ರವೇ ತಿರುಗದಂತೆ ಮಾಡುತ್ತದೆ, ದಾರಿಯೂ ಹಾಳಾಗುತ್ತದೆ.

ಮಾರ್ಚ್‌ನಿಂದ ಮೇವರೆಗೆ ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಒಂಬತ್ತು ಗಂಟೆಗೇ ಬಂಡೆಗಳು ಕಾದು ಬಿಸಿ ಉಗುಳಲು ಶುರುಮಾಡುತ್ತವೆ. ಎಲೆ ಉದುರಿದ ಕಾಡಿನಲ್ಲಿ ನೆರಳೂ ಇಲ್ಲ. ನರಸಿಂಹಸ್ವಾಮಿಯ ಜಾತ್ರೆಯ ದಿನಗಳಲ್ಲಂತೂ ಬೆಟ್ಟದ ರಸ್ತೆ ಜನರದು, ತೇರಿಗೆ ಬರುವವರದು. ಸೈಕಲ್ ಮನೆಯಲ್ಲೇ ಇರಲಿ.

ವಾರದ ದಿನ ಸಿಕ್ಕರೆ ಬಹಳ ಒಳ್ಳೆಯದು. ಶನಿವಾರ ನರಸಿಂಹನ ಭಕ್ತರು, ಭಾನುವಾರ ಬೆಂಗಳೂರಿನ ಕಾರುಗಳು. ಶನಿವಾರ ಭಾನುವಾರವೇ ಹೋಗಬೇಕಾದರೆ ಬೆಳಿಗ್ಗೆ ಒಂಬತ್ತರೊಳಗೆ ಬೆಟ್ಟ ಇಳಿದಿರಬೇಕು ಎಂದು ಲೆಕ್ಕ ಹಾಕಿ.

ಹಾಗೆಂದು ಕತ್ತಲಲ್ಲೇ ಕಾಡು ಸೇರಬೇಡಿ. ಡಿಸೆಂಬರ್ ಕೊನೆ, ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಆರೂವರೆ ದಾಟಿದ ಮೇಲೆ. ಇದು ಚಿರತೆ, ಕರಡಿ ಇರುವ ಕಾಡು. ಎರಡೂ ಹೆಚ್ಚಾಗಿ ಓಡಾಡುವುದು ರಾತ್ರಿ, ನಸುಕು ಮತ್ತು ಮುಸ್ಸಂಜೆಯಲ್ಲಿ. ಪೇಟೆಯಿಂದ ಲೈಟು ಹಾಕಿಕೊಂಡು ಆರಕ್ಕೆ ಹೊರಟರೆ ಕಾಡು ಶುರುವಾಗುವ ಹೊತ್ತಿಗೆ ಚೆನ್ನಾಗಿ ಬೆಳಕಾಗಿರುತ್ತದೆ. ಸಂಜೆ ಐದರೊಳಗೆ ಕಾಡು ಬಿಟ್ಟಿರಬೇಕು.

ಸೈಕಲ್ ಯಾವುದಾದರೇನು, ಬ್ರೇಕ್ ಇರಲಿ

ದುಬಾರಿ ಸೈಕಲ್ ಬೇಡ. ನಾಮದ ಚಿಲುಮೆಯವರೆಗೆ ಗೇರಿಲ್ಲದ ಸೈಕಲ್ಲಿನಲ್ಲೂ ಹೋಗಿಬರಬಹುದು, ಅಲ್ಲಲ್ಲಿ ಇಳಿದು ತಳ್ಳಬೇಕಾಗುತ್ತದೆ ಅಷ್ಟೇ. ಬೆಟ್ಟ ಹತ್ತಲು ಗೇರ್ ಬೇಕು. ಮುಂದೆ ಚಿಕ್ಕ ಹಲ್ಲುಚಕ್ರ, ಹಿಂದೆ ದೊಡ್ಡ ಹಲ್ಲುಚಕ್ರ ಸರಾಗವಾಗಿ ಕೂರುತ್ತದೆಯೇ ಎಂದು ಮನೆಯ ಹತ್ತಿರವೇ ನೋಡಿಕೊಳ್ಳಿ. ಎಷ್ಟೋ ಜನರ ಸೈಕಲ್ಲಿನಲ್ಲಿ ಆ ಗೇರು ಬಳಸದೆ ಬಳಸದೆ ತುಕ್ಕು ಹಿಡಿದಿರುತ್ತದೆ. ಏರಿನ ನಡುವೆ ಚೈನು ಕಳಚಿಬೀಳುವುದು ಆಗಲೇ.

ಬ್ರೇಕಿನ ವಿಷಯದಲ್ಲಿ ಉದಾಸೀನ ಬೇಡ. ರಿಮ್ ಬ್ರೇಕ್ ಆದರೆ ಶೂಗಳ ಮೇಲಿನ ಗೀರು ಕಾಣುವಷ್ಟು ರಬ್ಬರ್ ಉಳಿದಿರಬೇಕು. ಸವೆದು ನುಣ್ಣಗಾಗಿದ್ದರೆ ಬದಲಿಸಿ. ಡಿಸ್ಕ್ ಬ್ರೇಕ್ ಆದರೆ ಪ್ಯಾಡ್ ಎಷ್ಟು ಉಳಿದಿದೆ ನೋಡಿ. ಚೈನಿಗೆ ಎಣ್ಣೆ ಹಾಕುವಾಗ ಡಿಸ್ಕಿನ ಮೇಲೆ ಒಂದು ಹನಿಯೂ ಬೀಳಬಾರದು. ಬ್ರೇಕ್ ಲಿವರ್ ಹಿಡಿದಾಗ ಹ್ಯಾಂಡಲ್‌ಗೆ ತಾಗುವಷ್ಟು ಒಳಗೆ ಬಂದರೆ ಕೇಬಲ್ ಬಿಗಿ ಮಾಡಿಸಿ. ಇಷ್ಟೂ ಪೇಟೆಯ ಯಾವ ಸೈಕಲ್ ಅಂಗಡಿಯಲ್ಲಾದರೂ ಅರ್ಧ ಗಂಟೆಯ ಕೆಲಸ.

ಟೈರಿನ ಅಗಲ ಒಂದೂಮುಕ್ಕಾಲು ಇಂಚಿನಿಂದ ಎರಡೂಕಾಲು ಇಂಚಿನವರೆಗೆ ಇದ್ದರೆ ಡಾಂಬರಿಗೂ ಮಣ್ಣಿಗೂ ಸರಿ. ಎರಡು ಇಂಚಿನ ಟೈರಿಗೆ 35ರಿಂದ 45 ಪಿಎಸ್‌ಐ ಗಾಳಿ ಸಾಕು; ಹಗುರ ಮೈಯವರು ಕಡಿಮೆ, ಭಾರದವರು ಸ್ವಲ್ಪ ಹೆಚ್ಚು ಇಟ್ಟುಕೊಳ್ಳಿ. ಕಲ್ಲಿನಂತೆ ಗಟ್ಟಿ ಮಾಡಿದರೆ ಜಲ್ಲಿಯ ಮೇಲೆ ಪುಟಿಯುತ್ತದೆ, ಹಿಡಿತ ಸಿಗುವುದಿಲ್ಲ. ತೆಳು ಟೈರಿನ ರೋಡ್ ಬೈಕ್ ಇರುವವರು ಡಾಂಬರು ಬಿಟ್ಟು ಇಳಿಯಬೇಡಿ.

ನಮ್ಮ ಸೀಮೆಯ ನಿಜವಾದ ಶತ್ರು ಮುಳ್ಳು. ಬಳ್ಳಾರಿ ಜಾಲಿ, ಕಾರೆ, ಎಲಚಿ. ಬೇಲಿಗೆಂದು ಕಡಿದು ಎಳೆದೊಯ್ದ ದಾರಿಯುದ್ದಕ್ಕೂ ಮುಳ್ಳು ಉದುರಿರುತ್ತದೆ. ಟ್ಯೂಬಿನೊಳಗೆ ಪಂಕ್ಚರ್ ಸೀಲೆಂಟ್ ಹಾಕಿಸಿಕೊಳ್ಳುವುದು ಒಳ್ಳೆಯದು, ಆದರೂ ಒಂದು ಟ್ಯೂಬ್, ಎರಡು ಟೈರ್ ಲಿವರ್, ಪ್ಯಾಚ್ ಡಬ್ಬಿ, ಕೈಪಂಪು ಜೊತೆಗಿರಲಿ. ಟ್ಯೂಬಿನ ವಾಲ್ವ್ ಯಾವುದೆಂದು ತಿಳಿದಿರಲಿ. ಬೈಕಿನ ಟ್ಯೂಬಿನಂಥ ದಪ್ಪ ವಾಲ್ವ್ ಆದರೆ ಹಳ್ಳಿಯ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಹಿಡಿಸಬಹುದು. ತೆಳ್ಳನೆಯ ಪ್ರೆಸ್ಟಾ ವಾಲ್ವ್ ಆದರೆ ಆ ಪಂಪು ಕೂರುವುದಿಲ್ಲ. ಅಗ್ಗದ ಹಿತ್ತಾಳೆ ಅಡಾಪ್ಟರ್ ಒಂದನ್ನು ಕೊಂಡು ಚೀಲದಲ್ಲಿಡಿ.

ಟ್ಯೂಬ್ ಬದಲಿಸುವಾಗ ಒಂದು ಕೆಲಸ ಮರೆಯಬಾರದು. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಮೈಯನ್ನು ಬೆರಳ ತುದಿಯಿಂದ ನಿಧಾನವಾಗಿ ಸುತ್ತಲೂ ಸವರಿ ನೋಡಿ. ಮುಳ್ಳಿನ ತುದಿ ಮುರಿದು ಒಳಗೇ ಕೂತಿರುತ್ತದೆ. ಅದನ್ನು ತೆಗೆಯದೆ ಹಾಕಿದರೆ ಹೊಸ ಟ್ಯೂಬೂ ನೂರು ಮೀಟರಿನಲ್ಲಿ ಹೋಯಿತು.

ಚೀಲದಲ್ಲಿ

ಒಬ್ಬರಿಗೆ ಕನಿಷ್ಠ ಎರಡು ಲೀಟರ್ ನೀರು, ಬಿಸಿಲಿನ ದಿನ ಮೂರು. ತಿನ್ನಲು ಬಾಳೆಹಣ್ಣು, ಕಡ್ಲೆಮಿಠಾಯಿ, ಹುರಿಗಡಲೆ. ಬೇಗ ಶಕ್ತಿ ಕೊಡುವುದಕ್ಕೆ ಬೆಲ್ಲ ಮತ್ತು ಕಡಲೆಕಾಯಿಗಿಂತ ಒಳ್ಳೆಯದು ನಾನು ಕಂಡಿಲ್ಲ. ನೀರಿಗೆ ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ, ನಿಂಬೆರಸ ಬೆರೆಸಿದರೆ ಅಂಗಡಿಯ ಪುಡಿ ಬೇಕಿಲ್ಲ. ತಿಂಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹ್ಯಾಂಡಲ್‌ಗೆ ನೇತುಹಾಕಬೇಡಿ. ಚಿಲುಮೆಯ ಕೋತಿಗಳಿಗೆ ಕವರಿನ ಸದ್ದೇ ಆಹ್ವಾನ. ಜಿಪ್ ಇರುವ ಚೀಲದೊಳಗೆ ಡಬ್ಬಿಯಲ್ಲಿಡಿ.

ಹೆಲ್ಮೆಟ್ ಇಲ್ಲದೆ ಬೆಟ್ಟ ಇಳಿಯುವ ಮಾತೇ ಇಲ್ಲ. ಗಾಯಕ್ಕೆ ಹತ್ತಿ, ಬ್ಯಾಂಡೇಜು, ನಂಜುನಿರೋಧಕ. ಹಿಂದಕ್ಕೆ ಕೆಂಪು ಲೈಟು, ಯಾಕೆಂದರೆ ಚಳಿಗಾಲದ ಮಂಜಿನಲ್ಲಿ ತಿರುವಿನಿಂದ ಬರುವ ಕಾರಿಗೆ ನೀವು ಕಾಣಬೇಕು. ಮೊಬೈಲಿನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಕಣಿವೆಯಲ್ಲಿ ಸಿಗ್ನಲ್ ನಂಬುವಂತಿಲ್ಲ. ಮನೆಯಲ್ಲಿ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಹೇಳಿಬನ್ನಿ.

ಪೇಟೆಯಿಂದ ಚಿಲುಮೆಗೆ

ಬೆಳಗುಂಬದ ದಿಕ್ಕಿಗೆ ಹೊರಡಿ. ಪೇಟೆಯ ಗದ್ದಲ ಬೇಗ ಹಿಂದಾಗುತ್ತದೆ. ಮೊದಲ ಐದಾರು ಕಿಲೋಮೀಟರ್ ಕಾಲು ಬಿಸಿಯಾಗಲಿಕ್ಕೆ ಮೀಸಲು. ಹಗುರ ಗೇರಿನಲ್ಲಿ, ಮಾತಾಡುತ್ತಾ ತುಳಿಯುವಷ್ಟು ನಿಧಾನ. ತುಮಕೂರು ಇರುವುದು ಸುಮಾರು 820 ಮೀಟರ್ ಎತ್ತರದಲ್ಲಿ. ಅಂದರೆ ಬೆಟ್ಟದ ತುದಿಗೆ ಮುನ್ನೂರೈವತ್ತು ಮೀಟರಿಗೂ ಮಿಕ್ಕಿ ಏರಬೇಕು, ಅದರಲ್ಲಿ ಹೆಚ್ಚು ಪಾಲು ಕೊನೆಯ ಕೆಲವೇ ಕಿಲೋಮೀಟರಿನಲ್ಲಿದೆ. ಇಲ್ಲೇ ಜೋರು ತೋರಿಸಿದವರು ಅಲ್ಲಿ ಕೂತುಬಿಡುತ್ತಾರೆ.

ಬೆಂಗಳೂರು ಕಡೆಯಿಂದ ಬರುವವರು ಸೈಕಲ್ ಅನ್ನು ಕಾರಿನಲ್ಲಿ ತರುವುದಾದರೆ ಡಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಊರ್ಡಿಗೆರೆ ಮೇಲೆ ಬರಬಹುದು. ಹೆದ್ದಾರಿಯಲ್ಲಿ ಸೈಕಲ್ ತುಳಿದುಕೊಂಡು ಬರುವುದು ಬೇಡ. ಲಾರಿಗಳ ನಡುವೆ ಮೂರು ಗಂಟೆ ಕಳೆದು ಬಂದವರಿಗೆ ಕಾಡು ನೋಡುವ ಚೈತನ್ಯ ಉಳಿದಿರುವುದಿಲ್ಲ.

ಕಾಡು ಶುರುವಾದಲ್ಲಿ ವೇಗ ಇಳಿಸಿ. ಮಲೆನಾಡಿನ ದಟ್ಟ ಕಾಡನ್ನು ನಿರೀಕ್ಷಿಸಿ ಬಂದವರಿಗೆ ಇದು ಮೊದಲ ನೋಟಕ್ಕೆ ಬರೀ ಪೊದೆಯಂತೆ ಕಾಣಬಹುದು. ಇದು ಎಲೆ ಉದುರಿಸುವ ಒಣಕಾಡು. ನಿಧಾನವಾಗಿ ಹೋದರೆ ಒಂದೊಂದೇ ಕಾಣುತ್ತದೆ: ಬಿಳಿ ತೊಗಟೆಯ ದಿಂಡಿಗ, ಜಾಲಾರಿ, ಕಕ್ಕೆ, ಮುತ್ತುಗ, ಬೆಟ್ಟದ ನೆಲ್ಲಿ, ಅಲ್ಲಲ್ಲಿ ಗಂಧ. ಬಂಡೆಗಳ ನಡುವೆ ಹುಲ್ಲು. ಜನವರಿ ಕಳೆದ ಮೇಲೆ ಮುತ್ತುಗ ಹೂಬಿಟ್ಟರೆ ಎಲೆಯಿಲ್ಲದ ಕಾಡಿನಲ್ಲಿ ಅದೊಂದೇ ಉರಿಗೆಂಪು. ಕಾರಿನಲ್ಲಿ ಬರುವವರಿಗೆ ಇದರಲ್ಲಿ ಕಾಲುಭಾಗವೂ ಸಿಗುವುದಿಲ್ಲ. ಸೈಕಲ್ ಕಾಡಿಗೆ ಹೇಳಿಮಾಡಿಸಿದ ವಾಹನ ಎಂದು ನಾನು ನಂಬುವುದು ಈ ಕಾರಣಕ್ಕೆ.

ನಾಮದ ಚಿಲುಮೆಯಲ್ಲಿ ಒಂದು ನಿಲುಗಡೆ

ಇಲ್ಲಿ ಇಳಿಯಲೇಬೇಕು. ಬಂಡೆಯೊಳಗಿಂದ ಚಿಮ್ಮುವ ಸಣ್ಣ ಬುಗ್ಗೆ. ನಾಮ ಹಚ್ಚಿಕೊಳ್ಳಲು ನೀರು ಸಿಗದೆ ಶ್ರೀರಾಮ ಬಾಣ ಬಿಟ್ಟ, ನೀರು ಚಿಮ್ಮಿತು ಎಂಬುದು ನಮ್ಮಲ್ಲಿ ಹೇಳಿಕೊಂಡು ಬಂದ ಕಥೆ. ಅರಣ್ಯ ಇಲಾಖೆಯ ಜಿಂಕೆವನ, ಔಷಧಿ ಗಿಡಗಳ ವನ ಇಲ್ಲೇ ಇವೆ. 1930ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಪಕ್ಷಿತಜ್ಞ ಸಲೀಂ ಅಲಿಯವರು ಇಲ್ಲಿಯ ಅರಣ್ಯ ಬಂಗಲೆಯಲ್ಲಿ ತಂಗಿದ್ದರು. ಹಕ್ಕಿಗಳ ಮೇಲೆ ಆಸೆಯಿರುವವರು ದುರ್ಬೀನು ತಂದರೆ ನಷ್ಟವಿಲ್ಲ. ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಿ ಮಾತ್ರ ಬಾಳುವ ಹಳದಿ ಕೊರಳಿನ ಪಿಕಳಾರ ಈ ಬೆಟ್ಟಗಳ ಹಕ್ಕಿ. ಬಂಡೆ ಸಂದಿಯ ಪೊದೆಗಳಲ್ಲಿರುತ್ತದೆ, ಸುಮ್ಮನೆ ನಿಂತವರಿಗೆ ಮಾತ್ರ ಕಾಣುತ್ತದೆ. ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯಬೇಡಿ. ಮರಿ ಮಾಡುವ ಕಾಲದಲ್ಲಿ ಹಕ್ಕಿ ಗೂಡು ಬಿಟ್ಟು ಆ ಸದ್ದಿನ ಹಿಂದೆ ಅಲೆಯುತ್ತದೆ.

ಕೋತಿಗಳಿಗೆ ಏನನ್ನೂ ಕೊಡಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಬಿಸ್ಕತ್ತು ತಿಂದು ರೂಢಿಯಾದ ಕೋತಿ ರಸ್ತೆಯಲ್ಲೇ ಕಾದು ಕೂರುತ್ತದೆ, ಕಾರಿಗೆ ಸಿಕ್ಕಿ ಸಾಯುತ್ತದೆ, ಸೈಕಲ್ ಸವಾರರ ಮೇಲೆ ಎರಗುತ್ತದೆ. ಕೋತಿ ಗುಂಪು ರಸ್ತೆಯಲ್ಲಿದ್ದರೆ ಕಣ್ಣಿಗೆ ಕಣ್ಣು ಕೊಡದೆ, ಹಲ್ಲು ತೋರಿಸದೆ, ಒಂದೇ ವೇಗದಲ್ಲಿ ದಾಟಿಹೋಗಿ.

ಬೆಟ್ಟ ಹತ್ತುವುದು

ಚಿಲುಮೆಯಿಂದ ಐದಾರು ಕಿಲೋಮೀಟರ್ ಮುಂದೆ ಬೆಟ್ಟದ ಬುಡ. ಅಲ್ಲಿ ಭೋಗನರಸಿಂಹಸ್ವಾಮಿಯ ಗುಡಿ, ಮೇಲೆ ಯೋಗನರಸಿಂಹ. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ಈ ದುರ್ಗಕ್ಕೆ ಅವರ ಹೆಸರು ಬಂತು. ಬುಡದಲ್ಲಿ ಐದು ನಿಮಿಷ ನಿಂತು, ನೀರು ಕುಡಿದು, ಅರ್ಧ ಬಾಳೆಹಣ್ಣು ತಿಂದು ಹೊರಡಿ. ಹೊಟ್ಟೆ ತುಂಬ ತಟ್ಟೆ ಇಡ್ಲಿ ತಿಂದು ಏರಬೇಡಿ. ಅದು ಇಳಿದ ಮೇಲೆ, ತುಮಕೂರಿನ ಪಕ್ಕದ ಕ್ಯಾತ್ಸಂದ್ರದಲ್ಲಿ.

ಏರು ಶುರುವಾಗುವ ಮುಂಚೆಯೇ ಗೇರ್ ಇಳಿಸಿ. ಪೆಡಲ್ ಮೇಲೆ ಪೂರ್ತಿ ಭಾರ ಹಾಕಿರುವಾಗ ಗೇರ್ ಬದಲಿಸಿದರೆ ಚೈನು ಕಟಕಟ ಎಂದು ಜಿಗಿಯುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಬದಲಿಸಲೇಬೇಕಾದರೆ ಒಂದು ಸುತ್ತು ಪೆಡಲ್ ಒತ್ತಡ ಸಡಿಲಿಸಿ ಬದಲಿಸಿ. ನಿಮಿಷಕ್ಕೆ ಅರವತ್ತು ಎಪ್ಪತ್ತು ಸುತ್ತು ಪೆಡಲ್ ತಿರುಗುವಷ್ಟು ಹಗುರ ಗೇರ್ ಇರಲಿ. ಸೀಟಿನ ಮೇಲೆ ಕೂತೇ ತುಳಿಯಿರಿ, ಎದ್ದು ನಿಂತರೆ ಬೇಗ ಸುಸ್ತು. ಹ್ಯಾಂಡಲನ್ನು ಬಿಗಿ ಹಿಡಿಯಬೇಡಿ, ಭುಜ ಸಡಿಲ ಬಿಡಿ. ಉಸಿರಾಡುತ್ತಲೇ ಎರಡು ಮೂರು ಪದ ಮಾತಾಡಲು ಆಗುತ್ತಿದ್ದರೆ ನಿಮ್ಮ ವೇಗ ಸರಿಯಾಗಿದೆ. ಮಾತೇ ಹೊರಡದಿದ್ದರೆ ನಿಧಾನಿಸಿ.

ಸುರುಳಿ ತಿರುವಿನ ಒಳಬದಿ ಅತಿ ಕಡಿದು. ಎದುರಿಗೆ ವಾಹನವಿಲ್ಲವೆಂದು ಖಾತ್ರಿಯಾದಾಗ ಮಾತ್ರ, ನಿಮ್ಮ ಎಡಭಾಗದಲ್ಲೇ ಇದ್ದುಕೊಂಡು ಆದಷ್ಟು ಅಗಲಕ್ಕೆ ತಿರುಗಿ. ತಿರುವಿಗೆ ಮುಂಚೆ ಬೆಲ್ಲು ಹೊಡೆಯಿರಿ. ಎದೆ ಬಿಗಿದರೆ, ತಲೆ ಸುತ್ತಿದರೆ, ತಣ್ಣನೆಯ ಬೆವರು ಬಂದರೆ ಕೂಡಲೇ ಇಳಿದು ನೆರಳಿನಲ್ಲಿ ಕೂರಿ. ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಯಾವ ಅವಮಾನವೂ ಇಲ್ಲ. ತಳ್ಳುವವರಿಗೆ ಕಣಿವೆಯ ನೋಟ ಹೆಚ್ಚು ಸಿಗುತ್ತದೆ.

ವಾಹನ ನಿಲ್ಲುವ ಜಾಗದಲ್ಲಿ ಸೈಕಲ್‌ಗೆ ಬೀಗ ಹಾಕಿ. ಮುಂದೆ ಗುಡಿಗೆ ಮೆಟ್ಟಿಲು. ಸೈಕಲ್ ಹೊತ್ತುಕೊಂಡು ಮೆಟ್ಟಿಲು ಹತ್ತಿ ಫೋಟೋ ತೆಗೆಸಿಕೊಳ್ಳುವ ಹುಮ್ಮಸ್ಸು ಬೇಡ, ಅದು ಭಕ್ತರ ದಾರಿ. ಒಂದು ಪಂಚೆ ಅಥವಾ ಟ್ರ್ಯಾಕ್ ಪ್ಯಾಂಟ್ ಚೀಲದಲ್ಲಿದ್ದರೆ ಬಿಗಿ ಚಡ್ಡಿಯ ಮೇಲೆ ಹಾಕಿಕೊಂಡು ದರ್ಶನ ಮಾಡಿಬರಬಹುದು.

ಇಳಿಯುವುದು

ಅಪಾಯ ಇರುವುದು ಇಳಿಯುವಾಗ. ಹತ್ತಿದ ಖುಷಿಯಲ್ಲಿ ಕೈ ಸಡಿಲವಾಗುತ್ತದೆ.

ಸೀಟನ್ನು ಒಂದೆರಡು ಬೆರಳು ಇಳಿಸಿಕೊಳ್ಳಿ. ಸೊಂಟ ಸ್ವಲ್ಪ ಹಿಂದಕ್ಕೆ, ಎರಡೂ ಪೆಡಲ್ ನೆಲಕ್ಕೆ ಸಮಾನಾಂತರ, ಎರಡು ಬೆರಳು ಸದಾ ಬ್ರೇಕಿನ ಮೇಲೆ. ತಿರುವಿನೊಳಗೆ ಹೋದ ಮೇಲೆ ಬ್ರೇಕ್ ಹಿಡಿಯುವುದಲ್ಲ, ತಿರುವು ಬರುವ ಮುಂಚೆ ವೇಗ ಕಡಿಮೆ ಮಾಡಿ, ತಿರುಗುವಾಗ ಬ್ರೇಕ್ ಸಡಿಲ ಬಿಡಿ. ತಿರುವಿನ ಅಂಚುಗಳಲ್ಲಿ ಮಳೆನೀರು ತಂದು ಹರಡಿದ ಮರಳು, ಒಣ ಎಲೆ ಇರುತ್ತವೆ. ಅದರ ಮೇಲೆ ಮುಂದಿನ ಬ್ರೇಕ್ ಬಿಗಿ ಹಿಡಿದರೆ ಚಕ್ರ ಜಾರಿ ನೇರ ನೆಲಕ್ಕೆ. ಎರಡೂ ಬ್ರೇಕನ್ನು ಒಟ್ಟಿಗೆ, ಹದವಾಗಿ, ಬಿಟ್ಟುಬಿಟ್ಟು ಹಿಡಿಯಿರಿ. ಒಂದೇ ಸಮ ಹಿಡಿದುಕೊಂಡೇ ಬಂದರೆ ರಿಮ್ಮೂ ಡಿಸ್ಕೂ ಕಾದು ಹಿಡಿತ ಕಡಿಮೆಯಾಗುತ್ತದೆ. ನಡುವೆ ಒಮ್ಮೆ ಅಗಲವಾದ ಜಾಗದಲ್ಲಿ ನಿಂತು ಆರಲು ಬಿಡಿ. ಆಗ ಡಿಸ್ಕನ್ನು ಬೆರಳಿನಿಂದ ಮುಟ್ಟಿನೋಡಬೇಡಿ, ಸುಟ್ಟುಹೋಗುತ್ತದೆ.

ಗುಂಪಿನಲ್ಲಿದ್ದರೆ ಇಳಿಜಾರಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಕನಿಷ್ಠ ಮೂವತ್ತು ಮೀಟರ್ ಅಂತರ. ಅನುಭವ ಇರುವವರೊಬ್ಬರು ಎಲ್ಲರಿಗಿಂತ ಹಿಂದೆ ಬರಲಿ.

ಕಾಡಂಚಿನ ಮಣ್ಣುದಾರಿ

ಬೆಟ್ಟ ಇಳಿದ ಮೇಲೂ ಕಾಲಿನಲ್ಲಿ ಕಸುವಿದ್ದರೆ ಹಳ್ಳಿಗಳ ಬಂಡಿದಾರಿ ಹಿಡಿಯಿರಿ. ನನಗೆ ಬೆಟ್ಟಕ್ಕಿಂತಲೂ ಇದೇ ಇಷ್ಟ. ಟ್ರ್ಯಾಕ್ಟರ್ ಚಕ್ರದ ಎರಡು ಜಾಡಿನಲ್ಲಿ ಗಟ್ಟಿಯಾದದ್ದನ್ನು ಆರಿಸಿಕೊಂಡು ಅದರಲ್ಲೇ ಇರಿ. ಸಡಿಲ ಮರಳು ಬಂದರೆ ಒಂದು ಗೇರ್ ಹಗುರ ಮಾಡಿ, ಹ್ಯಾಂಡಲ್ ತಿರುಗಿಸದೆ, ಪೆಡಲ್ ನಿಲ್ಲಿಸದೆ ದಾಟಿ. ಕೊರಕಲನ್ನು ಓರೆಯಾಗಿ ದಾಟಿದರೆ ಚಕ್ರ ಸಿಕ್ಕಿಕೊಳ್ಳುತ್ತದೆ, ನೇರ ಅಡ್ಡಕ್ಕೆ ದಾಟಬೇಕು. ಕೆಸರು ಸಿಕ್ಕರೆ ಪಕ್ಕದ ಹುಲ್ಲಿನ ಮೇಲೆ ಹೊಸ ದಾರಿ ಮಾಡುವುದಕ್ಕಿಂತ ಇಳಿದು ಹೊತ್ತುಕೊಂಡು ದಾಟಿ.

ದಾರಿಯಲ್ಲಿ ರಾಗಿ ತೆನೆ, ಹುರುಳಿ ಹರಡಿದ್ದರೆ ಅದರ ಮೇಲೆ ಸೈಕಲ್ ಓಡಿಸಬೇಡಿ. ಕಾರುಗಳಾದರೆ ಒಕ್ಕಣೆಗೆ ಸಹಾಯ, ಸೈಕಲ್ ಆದರೆ ಜಾರಿ ಬೀಳುವುದು ಖಚಿತ. ಕುರಿಮಂದೆ ಬಂದರೆ ನಿಂತುಬಿಡಿ, ಅವು ತಾವಾಗಿಯೇ ಸುತ್ತುವರಿದು ಹೋಗುತ್ತವೆ. ಎಳನೀರು ಮಾರುವವರು ಸಿಕ್ಕರೆ ಕುಡಿಯಿರಿ. ಕಲ್ಪತರು ನಾಡಿನಲ್ಲಿ ಬಾಟಲಿ ನೀರು ಕೊಳ್ಳಬೇಕಾದ ಪ್ರಸಂಗ ಕಡಿಮೆ. ಹಳ್ಳಿ ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸುವ ಬದಲು ಇಳಿದು, ಸೈಕಲನ್ನು ನಿಮ್ಮ ಮತ್ತು ನಾಯಿಯ ನಡುವೆ ಇಟ್ಟುಕೊಂಡು ನಡೆಯಿರಿ. ಓಡದವರಲ್ಲಿ ನಾಯಿಗೆ ಆಸಕ್ತಿ ಬೇಗ ಹೋಗುತ್ತದೆ.

ಕಾಡಿನ ಒಡೆಯರು ಎದುರಾದರೆ

ಹಗಲಿನಲ್ಲಿ, ಡಾಂಬರು ರಸ್ತೆಯಲ್ಲಿ ಚಿರತೆ ಕಾಣುವುದು ಅಪರೂಪ. ಕಂಡರೆ ನಿಲ್ಲಿ, ಬೆನ್ನು ತೋರಿಸಬೇಡಿ, ಕೂರಬೇಡಿ, ಬಗ್ಗಬೇಡಿ. ಸೈಕಲನ್ನು ಮುಂದೆ ಹಿಡಿದು, ನೆಟ್ಟಗೆ ನಿಂತು, ಗಟ್ಟಿಯಾಗಿ ಮಾತಾಡುತ್ತಾ ನಿಧಾನವಾಗಿ ಹಿಂದೆ ಸರಿಯಿರಿ. ಅದು ಹೋಗಲು ದಾರಿ ಬಿಡಿ. ಮಕ್ಕಳಿದ್ದರೆ ಅವರನ್ನು ಗುಂಪಿನ ನಡುವೆ ಇಟ್ಟುಕೊಳ್ಳಿ.

ಕರಡಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಗೆದ್ದಲಹುತ್ತ ಕೆದಕುವಾಗ, ಕಕ್ಕೆ, ನೇರಳೆ, ಎಲಚಿ ಹಣ್ಣು ತಿನ್ನುವಾಗ ಕರಡಿಗೆ ಸುತ್ತಲಿನ ಗಮನವಿರುವುದಿಲ್ಲ. ಸದ್ದಿಲ್ಲದ ಸೈಕಲ್ ತಟ್ಟನೆ ಹತ್ತಿರ ಬಂದರೆ ಗಾಬರಿಯಾಗಿ ಮೇಲೆ ಬೀಳುತ್ತದೆ. ಅದಕ್ಕೇ ಕಣ್ಣಿಗೆ ಮರೆಯಾದ ತಿರುವುಗಳಲ್ಲಿ ಬೆಲ್ಲು ಹೊಡೆಯಿರಿ, ಜೋರಾಗಿ ಮಾತಾಡಿಕೊಂಡು ಹೋಗಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಈ ಕಾಡಿಗೆ ಬರಬೇಡಿ. ದೂರದಲ್ಲಿ ಕಂಡರೆ ಸದ್ದು ಮಾಡದೆ ಬಂದ ದಾರಿಗೇ ಹಿಂದೆ ಸರಿಯಿರಿ. ಮರಿ ಜೊತೆಗಿದ್ದರಂತೂ ಫೋಟೋ ಆಸೆ ಬಿಡಿ.

ಬಿಸಿಲು ಕಾಯಲು ಹಾವುಗಳು ರಸ್ತೆಗೆ ಬರುತ್ತವೆ. ನಿಂತು, ಅದು ದಾಟುವವರೆಗೆ ಕಾಯಿರಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ಗಡಿಯಾರ ಬಿಚ್ಚಿ, ಕಚ್ಚಿದ ಅಂಗ ಅಲುಗಾಡದಂತೆ ಇಟ್ಟು, 108ಕ್ಕೆ ಕರೆಮಾಡಿ ಆಸ್ಪತ್ರೆಗೆ. ತಾವೇ ಸೈಕಲ್ ತುಳಿದುಕೊಂಡು ಹೋಗಬಾರದು. ಕಾಲು ಆಡಿಸಿದಷ್ಟೂ ವಿಷ ಬೇಗ ಏರುತ್ತದೆ.

ರಾತ್ರಿ ಈ ಸೀಮೆಯ ಮರಗಳಲ್ಲಿ ಓಡಾಡುವ ಪುಟ್ಟ ಪ್ರಾಣಿ ಕಾಡುಪಾಪ (ಸ್ಲೆಂಡರ್ ಲೋರಿಸ್) ನಿಮಗೆ ಹಗಲು ಕಾಣುವುದಿಲ್ಲ. ಅದನ್ನು ನೋಡಲೆಂದು ಟಾರ್ಚ್ ಹಿಡಿದು ರಾತ್ರಿ ಸವಾರಿ ಇಟ್ಟುಕೊಳ್ಳುವವರಿಗೆ ನನ್ನ ವಿನಂತಿ: ಬೇಡ. ಆ ದೊಡ್ಡ ಕಣ್ಣುಗಳು ಕತ್ತಲಿಗಾಗಿ ಆದವು, ಬೆಳಕಿಗೆ ನೊಂದುಕೊಳ್ಳುತ್ತವೆ.

ಬೆಂಕಿ

ಜನವರಿಯಿಂದ ಮುಂಗಾರು ಹಿಡಿಯುವವರೆಗೆ ಇಡೀ ಬೆಟ್ಟ ಒಣಹುಲ್ಲಿನಿಂದ ತುಂಬಿರುತ್ತದೆ. ಒಂದು ಬೀಡಿ ತುಂಡು ಸಾಕು. ಕಾಡಿನಲ್ಲಿ ಸೇದುವುದು, ಟೀ ಕಾಯಿಸುವುದು, ಒಲೆ ಹಚ್ಚುವುದು ಬೇಡವೇ ಬೇಡ. ಹೊಗೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಯಾವ ರಸ್ತೆ, ಯಾವ ಹಳ್ಳಿಯ ಹತ್ತಿರ, ಬೆಟ್ಟದ ಯಾವ ಮಗ್ಗುಲು ಎಂದು ಹೇಳಿ. ನೀವಾಗಿ ಆರಿಸಲು ಇಳಿಜಾರಿಗೆ ನುಗ್ಗಬೇಡಿ. ಬೆಂಕಿ ಏರಿನ ಕಡೆಗೆ ಮನುಷ್ಯರಿಗಿಂತ ವೇಗವಾಗಿ ಓಡುತ್ತದೆ. ಸೈಕಲ್ ತಿರುಗಿಸಿ ರಸ್ತೆ ಹಿಡಿದು ಕೆಳಕ್ಕೆ ಬನ್ನಿ.

ಮನೆಗೆ ಬಂದ ಮೇಲೆ

ಸೈಕಲ್ ಒರಗಿಸಿ ಸ್ನಾನಕ್ಕೆ ಓಡುವ ಮುಂಚೆ ಹತ್ತು ನಿಮಿಷ ಕೊಡಿ. ಟೈರಿನ ಮಣ್ಣನ್ನು ಅಂಗಳದಲ್ಲೇ ಒಣಬಟ್ಟೆಯಿಂದ ಉದುರಿಸಿ ತೊಳೆಯಿರಿ. ರಸ್ತೆಬದಿಯ ಪಾರ್ಥೇನಿಯಂನಂಥ ಕಳೆಯ ಬೀಜಗಳು ಟೈರು, ಶೂಗಳಿಗೆ ಅಂಟಿಕೊಂಡು ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುತ್ತವೆ. ಹೊರಡುವ ಮುಂಚೆಯೂ ಹೀಗೇ ತೊಳೆದುಕೊಂಡು ಹೋಗುವುದು ಇನ್ನೂ ಒಳ್ಳೆಯದು. ಚೈನು ಒರೆಸಿ ಒಂದೊಂದು ಕೊಂಡಿಗೆ ಒಂದು ಹನಿ ಎಣ್ಣೆ ಬಿಟ್ಟು, ಮಿಕ್ಕದ್ದನ್ನು ಒರೆಸಿ ತೆಗೆಯಿರಿ. ಜಿಡ್ಡು ಉಳಿದರೆ ಕೆಂಪು ಧೂಳು ಅಂಟಿ ಹಲ್ಲುಚಕ್ರ ಸವೆಯುತ್ತದೆ. ಸಾಕ್ಸ್ ಅಂಚು, ಮೊಣಕಾಲ ಹಿಂಭಾಗ, ಸೊಂಟದ ಪಟ್ಟಿಯ ಹತ್ತಿರ ಉಣ್ಣೆಹುಳು ಕಚ್ಚಿಕೊಂಡಿದೆಯೇ ನೋಡಿ. ಇದ್ದರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಮೇಲಕ್ಕೆ ಎಳೆದು ತೆಗೆದು, ಸೋಪು ಹಾಕಿ ತೊಳೆಯಿರಿ. ನಂತರದ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಹೇಳಿ. ಕೊನೆಯದಾಗಿ ಬ್ರೇಕ್ ಶೂಗಳನ್ನು ಮತ್ತೊಮ್ಮೆ ನೋಡಿ. ಸವೆದಿದ್ದರೆ ಅದೇ ವಾರ ಬದಲಿಸಿಡಿ, ಮುಂದಿನ ಸಲ ಹೊರಡುವ ಬೆಳಿಗ್ಗೆ ಆರು ಗಂಟೆಗೆ ಯಾವ ಸೈಕಲ್ ಅಂಗಡಿಯೂ ತೆರೆದಿರುವುದಿಲ್ಲ.